ಶೆಟ್ಟಿಹಳ್ಳಿಯ ಅರಗಿನ ಮನೆ

ಪುರಾಣದೊಳಗೆ ಇವತ್ತಿನ ಕಥೆ ಹುಡುಕೋದು ಹೇಗೆ ಮೇಡಂ ಎಂದು ಯಾರಾದರೂ ಕೇಳಿದರೆ, ಈಗ ನಾನು ಕಾಫಿ ತರುತ್ತೇನೆ ಅಂತ ಎದ್ದು ಒಳಗೆ ಹೋಗುತ್ತೇನೆ. ಮೊದಲು ಹೀಗಿರಲಿಲ್ಲ. ಕೇಳದವರನ್ನೂ ಹಿಡಿದು ಕೂರಿಸಿ ಹೇಳುತ್ತಿದ್ದೆ. ವಿಜಯಪುರದಿಂದ ಬಂದು ಜೀವಮಾನವೆಲ್ಲ ಬೆಂಗಳೂರಿನ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು, ನಿವೃತ್ತಿಯಾಯಿತು ಅಂತ ಬಾಯಿ ಸುಮ್ಮನಿರುತ್ತದೆಯೇ? ಸಹಕಾರನಗರದ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಒಂದು ಮಂಟಪವಿದೆ. ವಾಕಿಂಗ್ ಮುಗಿಸಿದವರು ಕೂತು ಒಬ್ಬರಿಗೊಬ್ಬರು ತಮ್ಮ ಶುಗರ್ ಎಷ್ಟು ಎಂದು ಹೇಳಿಕೊಳ್ಳುವ ಜಾಗ. ಭಾನುವಾರ ಬೆಳಿಗ್ಗೆ ಅವರನ್ನು ಎಬ್ಬಿಸಿ ಅಲ್ಲಿ ಕಥೆಕೂಟ ಶುರು ಮಾಡಿದೆ.

ನಿಯಮಗಳೆಲ್ಲ ನನ್ನವೇ. ಐವರು ಅಣ್ಣತಮ್ಮಂದಿರು, ನೂರು ಜನ ದಾಯಾದಿಗಳು ಇರುವ ಆ ಮಹಾಕಾವ್ಯದಿಂದ ಒಂದು ಪ್ರಸಂಗ ಆರಿಸಿ ನಮ್ಮ ಬೀದಿಗೆ ತರಬೇಕು. ಹಳೆಯ ಹೆಸರುಗಳನ್ನು ಹಾಕಬಾರದು. ಬಿಲ್ಲಿನ ಬದಲು ಪಿಸ್ತೂಲು, ರಥದ ಬದಲು ದೊಡ್ಡ ಕಾರು ಕೊಟ್ಟು ಹೊಸ ಕಥೆ ಎಂದು ತಂದವರನ್ನು ನಾನು ಬೈದು ಕಳಿಸಿದ್ದೂ ಉಂಟು. ಮುಖ್ಯವಾಗಿ, ಕೊನೆಯನ್ನು ಸಿಹಿ ಮಾಡಬಾರದು. ಓದಿದ ಮೇಲೆ ಉಳಿದವರು ತೂತು ಹೇಳಬೇಕು. ಕಥೆ ಎಲ್ಲಿ ಸೋರುತ್ತದೋ, ಎಲ್ಲಿ ನಂಬಿಕೆ ಬರುವುದಿಲ್ಲವೋ ಅದು ತೂತು. ಬರೆದವರು ಮುಂದಿನ ಭಾನುವಾರದೊಳಗೆ ಅದನ್ನು ಮುಚ್ಚಿಕೊಂಡು ಬರಬೇಕು. ಕಥೆ ಕಟ್ಟಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿರಲಿಲ್ಲ.

ಬೇಸಿಗೆಯ ಕೊನೆಯಲ್ಲಿ ಶೆಟ್ಟಿಹಳ್ಳಿಯಿಂದ ಒಬ್ಬ ಹೆಂಗಸು ಬರತೊಡಗಿದರು. ಬಸ್ಸು ಬದಲಿಸಿ ಬದಲಿಸಿ ಬಂದು, ಮಂಟಪದ ಅಂಚಿನಲ್ಲಿ ಚಪ್ಪಲಿ ಬಿಟ್ಟು, ಮೂಲೆಯಲ್ಲಿ ಕೂರುವವರು. ವಯಸ್ಸು ಐವತ್ತು ದಾಟಿತ್ತು. ಮದುವೆಯಾದ ಹೊಸದರಲ್ಲೇ ಗಂಡ ತೀರಿಕೊಂಡು ತವರಿಗೆ ವಾಪಸ್ಸು ಬಂದವರು, ಮಕ್ಕಳಿಲ್ಲ. ಶೆಟ್ಟಿಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅವರ ಅಪ್ಪ ರಾಗಿ ಬೆಳೆಯುತ್ತಿದ್ದರಂತೆ. ಈಗ ಅದೇ ಹೊಲದ ಮೇಲೆ ಅವರ ಅಣ್ಣ ಅಪಾರ್ಟ್‌ಮೆಂಟು ಬೆಳೆಯುತ್ತಿದ್ದ. ನಾವೆಲ್ಲ ಅವರನ್ನು ಶೆಟ್ಟಿಹಳ್ಳಿ ಅಕ್ಕ ಅಂತಲೇ ಕರೆಯುತ್ತಿದ್ದೆವು.

ಅಣ್ಣ ತನಗೇ ಅಂತ ಬೇರೆ ಮನೆ ಕಟ್ಟಿಸಿಕೊಟ್ಟಿದ್ದಾನೆ ಎಂದು ಮೊದಲ ದಿನವೇ ಹೇಳಿದರು. ಹೊಸ ಮನೆಗೆ ಹೋದವರ ಸಡಗರ ಆ ಮಾತಿನಲ್ಲಿರಲಿಲ್ಲ. ಯಾವ ಪ್ರಸಂಗ ಬರೆಯುತ್ತೀರಿ ಎಂದೆ. ಅರಗಿನ ಮನೆ ಎಂದರು.

ನನಗೆ ಸ್ವಲ್ಪ ಬೇಸರವಾಯಿತು. ಎಲ್ಲರಿಗೂ ಗೊತ್ತಿರುವ ಕಥೆ. ದಾಯಾದಿಗಳು ದೂರದ ಊರಲ್ಲಿ ಅರಗು, ತುಪ್ಪ, ಒಣಹುಲ್ಲು ಸೇರಿಸಿ ಚಂದದ ಅರಮನೆ ಕಟ್ಟಿ, ಐವರನ್ನೂ ಅವರ ತಾಯಿಯನ್ನೂ ಪ್ರೀತಿಯಿಂದ ಕರೆದು ಇರಿಸುತ್ತಾರೆ, ಒಂದು ರಾತ್ರಿ ಬೆಂಕಿ ಇಡಬಹುದೆಂದು. ಇದರಲ್ಲಿ ಹೊಸದೇನು ಹುಡುಕುತ್ತೀರಿ ಎಂದು ಕೇಳಿದೆ, ಸ್ವಲ್ಪ ಒರಟಾಗಿಯೇ.

"ಎಲ್ರೂ ಬೆಂಕಿ ಬೆಂಕಿ ಅಂತಾರೆ ಮೇಡಂ. ನಂಗೆ ಬೆಂಕಿ ದೊಡ್ಡದಲ್ಲ," ಎಂದರು ಅಕ್ಕ. "ಅವ್ರಿಗೆ ಮೊದಲ್ನೇ ದಿನವೇ ಗೊತ್ತಾಯ್ತು. ಗೋಡೆ ಮೂಸಿದ್ರೆ ತುಪ್ಪದ ವಾಸ್ನೆ. ಗೊತ್ತಿದ್ರೂ ಅಲ್ಲೇ ಉಂಡ್ಕೊಂಡು, ಮಲಿಕ್ಕೊಂಡು, ನಗ್ತಾ ನಗ್ತಾ ಇದ್ರಲ್ಲ. ಅದೆಂಗೆ ಇದ್ರು?"

ಅಷ್ಟು ವರ್ಷ ಪಾಠ ಮಾಡಿದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಇದು ಕಥೆ ಎಂದರೆ, ಬರೆಯಿರಿ ಎಂದು ಕುಣಿದಾಡಿಬಿಟ್ಟೆ.

ಬರೆದು ತಂದರು. ಅಪ್ಪನ ಕೊನೆಯ ಜಮೀನಿನಲ್ಲಿ ತನಗೂ ಇರುವ ಪಾಲನ್ನು ಬಿಟ್ಟುಕೊಡಲು ಸಹಿ ಹಾಕು ಎಂದು ಅಣ್ಣ ಕೇಳುತ್ತಾನೆ. ತಂಗಿ ಹಾಕುವುದಿಲ್ಲ. ಅಣ್ಣ ಕೂಗಾಡುವುದಿಲ್ಲ. ಅದೇ ಜಮೀನಿನ ಮೂಲೆಯಲ್ಲಿ ಅವಳಿಗೊಂದು ಮನೆ ಕಟ್ಟಿಸಿ, ರೇಷ್ಮೆ ಸೀರೆ ಉಡಿಸಿ, ಹಾಲುಕ್ಕಿಸಿ ಗೃಹಪ್ರವೇಶ ಮಾಡುತ್ತಾನೆ. ಆಮೇಲೆ ಮನೆಯ ಹಿಂದೆ ಅಪಾರ್ಟ್‌ಮೆಂಟಿಗೆ ಪಾಯ ತೋಡುವ ಕೆಲಸ ಶುರುವಾಗುತ್ತದೆ. ಗುಂಡಿ ಪ್ರತಿವಾರವೂ ಇತ್ತ ಬರುತ್ತದೆ. ಅಣ್ಣ ಪ್ರತಿದಿನವೂ ಬಂದು ಊಟ ಆಯ್ತಾ ಎಂದು ಕೇಳುತ್ತಾನೆ. ಅಷ್ಟೇ ಇತ್ತು ಕಥೆ. ಅಕ್ಕ ಅದನ್ನು ರೇಷನ್ ಅಂಗಡಿಯ ವಿಷಯ ಹೇಳುವ ದನಿಯಲ್ಲಿ ಓದಿ ಮುಗಿಸಿದರು.

ನಮ್ಮ ಕೂಟದಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದರು. ತೂತು ಹುಡುಕುವುದರಲ್ಲಿ ಎತ್ತಿದ ಕೈ. ತಂಗಿ ಸತ್ತರೆ ಅಣ್ಣನಿಗೆ ಏನು ಲಾಭ, ಅದು ಕಥೆಯಲ್ಲಿಲ್ಲವಲ್ಲ ಎಂದರು. ಮುಂದಿನ ವಾರ ಅಕ್ಕ ಲಾಯರೊಬ್ಬರನ್ನು ಕೇಳಿಕೊಂಡು ಬಂದಿದ್ದರು. ಗಂಡ ಮಕ್ಕಳಿಲ್ಲದ ಹೆಂಗಸು ಉಯಿಲು ಬರೆಯದೆ ಸತ್ತರೆ, ಅಪ್ಪನಿಂದ ಬಂದ ಆಸ್ತಿ ತಿರುಗಿ ಅಪ್ಪನ ಕಡೆಯವರಿಗೇ ಹೋಗುತ್ತದಂತೆ. ಮನೆ ಸುಮ್ಮನೆ ಹೇಗೆ ಬೀಳುತ್ತದೆ ಎಂದು ಬ್ಯಾಂಕಿನವರು ಮತ್ತೆ ಕೇಳಿದರು. ಅದಕ್ಕೂ ಉತ್ತರ ಬಂತು. ಆ ಮೂಲೆ ಮೊದಲು ಕುಂಟೆಯಾಗಿತ್ತು. ದನಗಳು ನೀರು ಕುಡಿಯುತ್ತಿದ್ದ ಜಾಗಕ್ಕೆ ಮಣ್ಣು ತುಂಬಿ, ಪಿಲ್ಲರ್ ಹಾಕದೆ ಗೋಡೆ ಎಬ್ಬಿಸಿದ್ದಾರೆ. ಪಕ್ಕದಲ್ಲಿ ಆಳಕ್ಕೆ ತೋಡಿ ಬಿಟ್ಟರೆ ಸಾಕು, ಯಾರೂ ಕಡ್ಡಿ ಗೀರಬೇಕಾಗಿಲ್ಲ, ಒಂದು ಒಳ್ಳೆ ಮಳೆ ಬಂದರಾಯಿತು. ಮಂಟಪದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಇಷ್ಟು ವಿವರ ಕಟ್ಟುಕಥೆಗೆ ಬರುವುದಿಲ್ಲ.

ಅದೇ ದಿನ ಅಕ್ಕನ ಜೊತೆ ಆಟೋ ಹತ್ತಿದೆ. ಮನೆ ನೋಡಬೇಕು ಎಂದೆ. ಅಕ್ಕ ಬೇಡ ಎನ್ನಲಿಲ್ಲ.

ಮನೆ ಚೆನ್ನಾಗಿಯೇ ಇತ್ತು. ಗುಲಾಬಿ ಬಣ್ಣ, ಕಿಟಕಿಗಳಿಗೆಲ್ಲ ಗ್ರಿಲ್ಲು, ಇರುವುದೊಂದೇ ಬಾಗಿಲು, ಮುಂದೆ ತುಳಸಿಕಟ್ಟೆ. ಬಾಗಿಲು ಮಾತ್ರ ತೆರೆಯಲಿಲ್ಲ. ಅಕ್ಕ ಚಿಲಕ ಹಿಡಿದು ಮೇಲಕ್ಕೆತ್ತಿ, ಭುಜ ಕೊಟ್ಟು ನೂಕಿದ ಮೇಲೆ ಜಾಗ ಬಿಟ್ಟಿತು. ಹಸಿ ಮರ ಇರಬೇಕು ಎಂದೆ. ಅಕ್ಕ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು ನಡುಮನೆಯ ನೆಲದ ಮೇಲೆ ಇಟ್ಟರು. ಅದು ತನ್ನಷ್ಟಕ್ಕೆ ಉರುಳಿಕೊಂಡು ಹಿಂದಿನ ಗೋಡೆಗೆ ಹೋಗಿ ನಿಂತಿತು. ಹಿಂದಿನ ಕಿಟಕಿಯಿಂದ ಬಗ್ಗಿ ನೋಡಿದೆ. ಗೋಡೆಯ ಬುಡದಿಂದ ಒಂದು ಮಾರು ದೂರದಲ್ಲಿ ಕೆಮ್ಮಣ್ಣಿನ ಗುಂಡಿ, ತಳದಲ್ಲಿ ನೀರು, ನೀರಿನ ಪಕ್ಕ ಹಳದಿ ಜೆಸಿಬಿ. ಗುಂಡಿಯ ಆಚೆ ಅಣ್ಣನ ಮೂರಂತಸ್ತಿನ ಮನೆ.

ಅಣ್ಣನೂ ಬಂದ. ತಲೆ ನೆರೆತ, ನಗುಮುಖದ ಮನುಷ್ಯ. ನನ್ನನ್ನು ಮೇಷ್ಟ್ರಮ್ಮಾ ಎಂದು ಕರೆದು, ಎಳನೀರು ತರಿಸಿ, ನಾನು ಕುಡಿದು ಮುಗಿಸುವವರೆಗೂ ನಿಂತೇ ಇದ್ದ. ತಂಗಿ ಕಣ್ಣೆದುರಿಗೇ ಇರಬೇಕೆಂಬುದು ತನ್ನ ಆಸೆ, ಸಂಜೆ ತನ್ನ ಮಹಡಿಯ ಮೇಲಿನಿಂದ ತುಳಸಿ ಮುಂದೆ ದೀಪ ಕಂಡರೆ ತನಗೆ ನೆಮ್ಮದಿ ಎಂದ. ಸುಡುಗಾಡು, ನನಗೆ ಆ ಮನುಷ್ಯ ಇಷ್ಟವಾಗಿಬಿಟ್ಟ! ಗುಂಡಿಯ ವಿಷಯ ಎತ್ತಿದೆ. ತಡೆಗೋಡೆ ಕಟ್ಟಿಸ್ತೀನಿ, ಮಳೆಗೆ ಮುಂಚೆ ಎಲ್ಲ ಆಗುತ್ತೆ ಎಂದು ತಂಗಿಯ ಮುಖ ನೋಡಿದ. ತಂಗಿ ನಕ್ಕರು. ಇಬ್ಬರ ನಗುವೂ ಒಂದೇ ಥರ ಇತ್ತು.

ಅವನು ಹೋದ ಮೇಲೆ ಅಕ್ಕನ ಕೈ ಹಿಡಿದುಕೊಂಡೆ. ಇವತ್ತೇ ನಮ್ಮ ಮನೆಗೆ ಬನ್ನಿ, ನಾನೊಬ್ಬಳೇ ಇರೋದು, ರೂಮು ಖಾಲಿ ಇದೆ ಎಂದೆ. ಪೊಲೀಸಿಗೆ ಹೋಗೋಣ ಎಂದೆ.

"ಏನಂತ ಕಂಪ್ಲೇಂಟ್ ಕೊಡ್ಲಿ ಮೇಡಂ? ನಮ್ಮಣ್ಣ ಮನೆ ಕಟ್ಟಿಕೊಟ್ಟ ಅಂತಾನಾ?" ಎಂದರು. ಬಗ್ಗಿ ನಿಂಬೆಹಣ್ಣನ್ನು ಎತ್ತಿಟ್ಟು, "ಬಿಟ್ಟೋದ್ರೆ ನಂಗೆ ಗೊತ್ತಾಗೈತೆ ಅಂತ ಅವನಿಗೆ ಗೊತ್ತಾಯ್ತದೆ. ಆಮೇಲೆ ಅವನು ನಮ್ಮಣ್ಣ ಆಗಿರಕ್ಕಿಲ್ಲ," ಎಂದರು.

ಗೊತ್ತಿದ್ದೂ ಅಲ್ಲಿ ಹೇಗಿದ್ದರು ಎಂಬ ಅವರ ಪ್ರಶ್ನೆಗೆ ಅವರೇ ಉತ್ತರ ಕಂಡುಕೊಂಡಿದ್ದರು.

ಮುಂದಿನ ಭಾನುವಾರ ಕಥೆಯಲ್ಲಿ ತಂಗಿ ಮನೆ ಬಿಟ್ಟು ಹೊರಡಲು ತಯಾರಾಗಿದ್ದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಕಥೆಗೆ ತೂತು ಹೇಳುವುದೇ ಬೇಡ, ಹಾಗೇ ಮುಗಿಸಿ ಎಂದೆ. ಬ್ಯಾಂಕಿನವರು ಬಿಡಬೇಕಲ್ಲ. ಅವಳು ಹೋದ ಸಂಜೆ ಮನೆ ಕತ್ತಲಾಗಿರುತ್ತದೆ, ತುಳಸಿ ಮುಂದೆ ದೀಪ ಇರುವುದಿಲ್ಲ, ಅಣ್ಣ ಅವತ್ತೇ ಹುಡುಕಿಕೊಂಡು ಹೊರಡುತ್ತಾನೆ ಎಂದರು. ಮೂಲ ಕಥೆಯಲ್ಲಿ ಐವರು ತಪ್ಪಿಸಿಕೊಂಡಿದ್ದು ಯಾರಿಗೂ ಯಾಕೆ ತಿಳಿಯಲಿಲ್ಲ ಎಂದು ನೆನಪಿಸಿದರು. ಆ ರಾತ್ರಿ ಊಟಕ್ಕೆ ಬಂದ ಒಬ್ಬ ಕಾಡಿನ ಹೆಂಗಸು ತನ್ನ ಐದು ಮಕ್ಕಳೊಂದಿಗೆ ಅಲ್ಲೇ ಮಲಗಿಬಿಟ್ಟಳು. ಬೂದಿಯಲ್ಲಿ ಸಿಕ್ಕ ಆ ಆರು ಹೆಣಗಳನ್ನೇ ಜನ ಐವರದೂ ಅವರ ತಾಯಿಯದೂ ಎಂದು ಅತ್ತರು. ಆ ಆರು ಜನಕ್ಕೆ ಕಾವ್ಯದಲ್ಲಿ ಹೆಸರು ಕೂಡ ಇಲ್ಲ. ಅವರ ಜಾಗದಲ್ಲಿ ನೀವು ಯಾರನ್ನು ಇಡುತ್ತೀರಿ ಎಂದು ಕೇಳಿದರು.

"ಅದಿನ್ನೂ ಬರ್ದಿಲ್ಲ ಸಾರ್," ಎಂದರು ಅಕ್ಕ.

ಆಮೇಲೆ ಅವರು ಕೂಟಕ್ಕೆ ಬರಲಿಲ್ಲ. ಫೋನ್ ಮಾಡಿದರೆ ಚೆನ್ನಾಗಿದೀನಿ ಮೇಡಂ ಎನ್ನುತ್ತಿದ್ದರು. ಹಿಂದೆ ಜೆಸಿಬಿಯ ಸದ್ದು ಕೇಳುತ್ತಿತ್ತು.

ಮಳೆ ಹಿಡಿದ ವಾರ, ಮಧ್ಯಾಹ್ನ, ಗೇಟಿನ ಸದ್ದಾಯಿತು. ಅಕ್ಕ ಒಂದು ಬ್ಯಾಗು ಹಿಡಿದು, ದೇವರ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದರು. ಬಂದ್ಬಿಟ್ಟೆ ಮೇಡಂ ಎಂದರು. ನನಗೆ ಅಳುವೇ ಬಂತು. ಟವೆಲ್ ಕೊಟ್ಟು, ಬಿಸಿ ಅನ್ನ ಸಾರು ಬಡಿಸಿ, ಎದುರಿಗೆ ಕೂತೆ. ಅಣ್ಣ ಹುಡುಕಿಕೊಂಡು ಬಂದರೆ ನಾನು ನೋಡಿಕೊಳ್ಳುತ್ತೇನೆ ಎಂದೆ. ಹುಡುಕೋದಿಲ್ಲ ಎಂದು ಅಕ್ಕ ಶಾಂತವಾಗಿ ಅನ್ನ ಕಲಸಿದರು.

"ಮನೆ ಕತ್ಲಾಗಿರಕ್ಕಿಲ್ಲ. ಬಾಡಿಗೆಗೆ ಕೊಟ್ಟಿದೀನಿ. ನಿನ್ನೆ ಸಂಜೆ ಬಂದ್ರು. ತುಳಸಿಗೆ ದೀಪ ಹಚ್ಚಮ್ಮಾ ಅಂತ ಆ ಹುಡುಗೀಗೆ ಹೇಳಿದೀನಿ. ಮಳೆ ಹಿಡಿದ್ಮೇಲೆ ಅಣ್ಣ ಮನೆಗೆ ಬರೋದು ಬಿಟ್ಟಿದಾನೆ. ಅಲ್ಲಿಂದ ದೀಪ ನೋಡುದ್ರೆ ನಾನೇ ಅನ್ಕೋತಾನೆ."

ಯಾರು ಅವರು ಎಂದೆ.

"ನಿಮ್ಮ ಕಡೆಯೋರೇ ಮೇಡಂ. ಯಾದಗಿರಿ. ಪಾಪ, ಒಳ್ಳೆ ಜನ."

ಮಕ್ಕಳಿದ್ದಾರಾ ಎಂದು ಕೇಳಿದೆ. ಅಕ್ಕ ತಟ್ಟೆ ನೋಡುತ್ತಾ ಕೂತರು. ಕಥೆಯಲ್ಲೂ ಆ ಐವರು ಹಾಗೇ ಮಾಡಿದ್ದಲ್ಲವಾ, ಒಂದೆರಡು ತಿಂಗಳ ಮಾತು, ಏನೂ ಆಗಕ್ಕಿಲ್ಲ ಎಂದು ಗೊಣಗಿದರು. ಊಟಕ್ಕೆ ಕೂತವರನ್ನು ಬೈಯುವ ಪದ್ಧತಿ ನಮ್ಮಲ್ಲಿಲ್ಲ. ನಾನು ಬೈದೆ. ನಿಮಗೂ ನಿಮ್ಮಣ್ಣನಿಗೂ ಏನ್ರೀ ವ್ಯತ್ಯಾಸ ಎಂದೆ. ಅಕ್ಕನ ಕೈ ತಟ್ಟೆಯಲ್ಲೇ ನಿಂತಿತು. ನಾನು ಕೊಡೆಯನ್ನೂ ಮರೆತು ರಸ್ತೆಗೆ ಓಡಿದೆ.

ಆಟೋ ಜಾಲಹಳ್ಳಿ ದಾಟುವಷ್ಟರಲ್ಲಿ ಮಳೆ ಕಣ್ಣು ಬಿಡಲು ಕೊಡದಂತೆ ಹೊಡೆಯುತ್ತಿತ್ತು. ಗುಲಾಬಿ ಮನೆ ನಿಂತಿತ್ತು. ಬಾಗಿಲು ಬಡಿದೆ. ಒಳಗಿನಿಂದ ಎಳೆದರು, ನಾನು ಹೊರಗಿನಿಂದ ಭುಜ ಕೊಟ್ಟೆ. ಒಳಹೋದ ಕೂಡಲೇ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಂಡಿತು. ಒಬ್ಬಳು ತರುಣಿ, ಅವಳ ಅತ್ತೆ, ಮೂರು ಮಕ್ಕಳು. ಗಂಡ ಫ್ಯಾಕ್ಟರಿಯ ಶಿಫ್ಟಿಗೆ ಹೋಗಿದ್ದ. ಒಲೆಯ ಮೇಲೆ ರೊಟ್ಟಿಯ ಹಂಚು ಕಾದಿತ್ತು. ನಾನು ನಮ್ಮ ವಿಜಯಪುರದ ಮಾತಿನಲ್ಲಿ, ಈ ಮನೆ ಬೀಳುತ್ತದೆ, ಈಗಲೇ ಹೊರಗೆ ನಡೆಯಿರಿ ಎಂದೆ. ಆ ಮಾತಿನಲ್ಲಿ ಅವರಿಗೆ ಕೇಳಿಸಿದ್ದು ತವರಿನ ನುಡಿ ಮಾತ್ರ. ಮುದುಕಿಯ ಮುಖ ಅರಳಿತು.

"ನಮ್ಮ ಕಡಿಯವರು ಬಂದೀರಿ, ಎರಡು ರೊಟ್ಟಿ ತಿನ್ನದಽ ಹೆಂಗ ಹೋಗ್ತೀರಿ? ಕೂಡ್ರಿ," ಎಂದು ಚಾಪೆ ಹಾಸಿದಳು.

ನಾನು ಕೂರಲಿಲ್ಲ, ಕೂಗಾಡಿದೆ. ಇಂಥ ಮನೆ ಬಿಟ್ಟು ಈ ಮಳೆಯಲ್ಲಿ ಎಲ್ಲಿಗೆ ಹೋಗೋಣ, ನಿನ್ನೆ ತಾನೇ ಹಾಲುಕ್ಕಿಸಿದ್ದೇವೆ ಎಂದು ಸೊಸೆ ಸಿಡುಕಿದಳು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆ. ಅವಳ ಕೈಯಲ್ಲಿ ಇನ್ನೂ ಹಿಟ್ಟಿತ್ತು. ಅಷ್ಟರಲ್ಲಿ ಹಿಂದೆ ಮಣ್ಣು ಜಾರಿದ ಸದ್ದಾಯಿತು, ಮೂಟೆ ಇಳಿಸಿದ ಹಾಗೆ. ಅಡುಗೆಮನೆಯ ಮೂಲೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಗೆರೆ ಬಿಟ್ಟಿತು. ಆ ಗೆರೆಯಲ್ಲಿ ಬೆಳಕು ಕಂಡಿತು. ಈಗ ಯಾರೂ ವಾದ ಮಾಡಲಿಲ್ಲ.

ಬಾಗಿಲು ತೆರೆಯಲಿಲ್ಲ. ಅಕ್ಕ ಮಾಡುತ್ತಿದ್ದ ಹಾಗೆ ಚಿಲಕ ಎತ್ತಿ ಎಳೆದೆ. ಸೊಸೆ ಎಳೆದಳು, ಮುದುಕಿಯೂ ಕೈ ಹಾಕಿದಳು. ಚೌಕಟ್ಟು ಬಾಗಿ ಹಲಗೆಯನ್ನು ಕಚ್ಚಿಕೊಂಡಿತ್ತು. ಎಣಿಸಬಾರದು ಅಂದುಕೊಂಡೆ. ಎಣಿಸಿದೆ. ಅವರು ಐವರು. ಊಟಕ್ಕೆ ಕರೆಸಿಕೊಂಡ ನಾನು ಸೇರಿ ಆರು.

ಶಿವನೇ, ಆ ಕ್ಷಣ ನನಗೆ ಆದ ಹೆದರಿಕೆಯನ್ನು ನಾನು ಯಾವ ಕಥೆಯಲ್ಲೂ ಓದಿಲ್ಲ.

ಮುಂದಿನ ಕಿಟಕಿಗೆ ಓಡಿ ಗ್ರಿಲ್ಲಿನಿಂದ ಕೈ ಹೊರಚಾಚಿ ಬೀಸಿದೆ. ತುಳಸಿಕಟ್ಟೆಯ ಆಚೆ, ಗೇಟಿನ ಹತ್ತಿರ, ಅಣ್ಣ ಕೊಡೆ ಹಿಡಿದು ನಿಂತಿದ್ದ. ಬಾಗಿಲು ಒದೀರಿ ಎಂದು ಕೂಗಿದೆ. ಕಿಟಕಿಯ ಮೇಲಿನ ತಗಡಿಗೆ ಬೀಳುವ ಮಳೆಯಲ್ಲಿ ನನ್ನ ದನಿ ಯಾರದೆಂದು ಗೊತ್ತಾಗುವ ಹಾಗಿರಲಿಲ್ಲ. ಅವನಿಗೆ ಕಂಡಿದ್ದು ವಯಸ್ಸಾದ ಹೆಂಗಸಿನ ಒಂದು ಕೈ ಮಾತ್ರ. ಆ ಕೈಯನ್ನೇ ನೋಡುತ್ತಿದ್ದ. ನಾನು ಬೀಸಿದೆ, ಸೊಸೆ ಬಾಗಿಲು ಬಡಿದಳು. ಅವನು ನೋಡುತ್ತಿದ್ದ. ಮುಖದಲ್ಲಿ ಕೋಪವಾಗಲಿ ಸಂತೋಷವಾಗಲಿ ಇರಲಿಲ್ಲ. ಬಸ್ಸಿಗೆ ಕಾಯುವವರು ನಿಲ್ಲುತ್ತಾರಲ್ಲ, ಹಾಗೆ ನಿಂತಿದ್ದ.

ಆಗ ಸಣ್ಣ ಮಗು ಚೀರಿ ಅತ್ತಿತು.

ಕೊಡೆ ಅವನ ಕೈಯಿಂದ ಬಿತ್ತು. ಮನೆಯೊಳಗೆ ಮಗು ಇರುವುದು ಹೇಗೆ ಎಂದು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವವರೆಗೆ ಕಾಯಲೂ ಇಲ್ಲ. ಆ ವಯಸ್ಸಿನ ಮನುಷ್ಯ ಓಡಿ ಬಂದು, ಒದ್ದು, ಭುಜದಿಂದ ಗುದ್ದಿ ಗುದ್ದಿ, ಹಲಗೆ ಸೀಳಿ ಒಳಗೆ ಬಂದ. ಮಗುವನ್ನು ಕಸಿದು ಎದೆಗವಚಿಕೊಂಡು, ಮುದುಕಿಯ ರಟ್ಟೆ ಹಿಡಿದು ಎಳೆದ. ನಾವೆಲ್ಲ ಗೇಟು ಮುಟ್ಟುವಷ್ಟರಲ್ಲಿ ಅಡುಗೆಮನೆ, ಒಲೆ, ಹಂಚು ಸಮೇತ ಗುಂಡಿಗೆ ಹೋಯಿತು. ದೊಡ್ಡ ಸದ್ದೇನೂ ಆಗಲಿಲ್ಲ.

ಅಣ್ಣನ ಭುಜದಿಂದ ರಕ್ತ ಸೋರುತ್ತಿತ್ತು. ಮಗು ಅವನ ಕೊರಳು ಬಿಡಲಿಲ್ಲ. ಅವನು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ. ಕೊನೆಗೆ ನೋಟ ನನ್ನ ಮೇಲೆ ನಿಂತಿತು.

"ನನ್ ತಂಗಿ ಎಲ್ಲವ್ಳೆ ಮೇಷ್ಟ್ರಮ್ಮಾ?" ಎಂದ.

ಅದನ್ನು ಯಾವ ಆಸೆಯಿಂದ ಕೇಳಿದನೋ, ಯಾವ ಭಯದಿಂದ ಕೇಳಿದನೋ ನನಗೆ ಇವತ್ತಿಗೂ ತಿಳಿದಿಲ್ಲ. ಗುಂಡಿ ತೋಡಿದ್ದು ಬೇಕಂತಲೋ, ತೋಡಿದ ಮೇಲೆ ಆದದ್ದಾಗಲಿ ಎಂದು ಬಿಟ್ಟದ್ದೋ, ಅದೂ ತಿಳಿದಿಲ್ಲ. ಗೊತ್ತಿಲ್ಲ ಎಂದೆ. ಅವನು ನಂಬಲಿಲ್ಲ. ಮಗುವನ್ನು ಅದರ ತಾಯಿಯ ಕೈಗೆ ಕೊಟ್ಟು, ತುಳಸಿಕಟ್ಟೆಯ ಮೇಲೆ ಕೂತುಬಿಟ್ಟ.

ಆ ಸಂಸಾರವನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆ. ಶಿಫ್ಟು ಮುಗಿಸಿ ಗಂಡನೂ ಅಲ್ಲಿಗೇ ಬಂದ. ಅಕ್ಕ ಬಾಗಿಲಲ್ಲಿ ಟವೆಲುಗಳನ್ನು ಹಿಡಿದು ನಿಂತಿದ್ದರು. ಅವರಿಗಾಗಿ ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗುಳಗಳಿದ್ದವು. ಅವರು ಮಕ್ಕಳನ್ನು ನೋಡಿದ ರೀತಿ ಕಂಡು ಒಂದೂ ಆಡಲಾಗಲಿಲ್ಲ. ಅಣ್ಣನಿಗೂ ನಿಮಗೂ ಏನು ವ್ಯತ್ಯಾಸ ಎಂದು ನಾನು ಮಧ್ಯಾಹ್ನ ಕೇಳಿದ್ದಕ್ಕೆ ಅವರು ಅಷ್ಟು ಹೊತ್ತೂ ಉತ್ತರ ಹುಡುಕುತ್ತಿದ್ದಿರಬೇಕು. ಕಣ್ಣುಗಳು ಊದಿಕೊಂಡಿದ್ದವು.

ಎಲ್ಲರೂ ನಡುಮನೆಯಲ್ಲಿ ಕೂತ ಮೇಲೆ ಅಕ್ಕ ನನ್ನ ಹತ್ತಿರ ಬಂದು, ಬಾಗಿಲು ಯಾರು ತೆಗೆದರು ಎಂದು ಮೆಲ್ಲಗೆ ಕೇಳಿದರು. ಆ ಬಾಗಿಲು ಅವರಿಗೆ ಗೊತ್ತಿತ್ತು.

ನಿಮ್ಮಣ್ಣ ಎಂದೆ.

ಅಂಥ ಸಂತೋಷವನ್ನು ನಾನು ಆ ಮುಖದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಮದುವೆಗೆ ಮುಂಚಿನ ಹುಡುಗಿಯ ಹಾಗಾದರು.

"ನಾನು ಒಳಗಿದೀನಿ ಅಂತ ಬಂದ್ನಾ ಮೇಡಂ?"

ಹೌದು ಅಂದಿದ್ದರೆ ಮುಗಿಯುತ್ತಿತ್ತು. ನಾಳೆಯೇ ಅವರು ಬ್ಯಾಗು ಹಿಡಿದು ಅಣ್ಣನ ಮನೆಗೆ ಹೊರಡುತ್ತಿದ್ದರು. ಅದೇ ನನಗೆ ಹೆದರಿಕೆ.

"ಮಗು ಅತ್ತಿತು. ಆಮೇಲೆ ಬಂದರು," ಎಂದೆ.

ಅಕ್ಕ ಕೈಯಲ್ಲಿದ್ದ ಟವೆಲನ್ನು ಮಡಿಸಿದರು.

"ಅದಕ್ಕೆ ಮುಂಚೆ?"

"ನಿಂತಿದ್ದರು."

ಸರಿ ಎನ್ನುವಂತೆ ತಲೆಯಾಡಿಸಿದರು. ಸಣ್ಣ ಮಗುವಿನ ತಲೆ ಇನ್ನೂ ಒದ್ದೆಯಾಗಿತ್ತು. ಅದನ್ನು ಹತ್ತಿರಕ್ಕೆ ಎಳೆದುಕೊಂಡು ಒರೆಸತೊಡಗಿದರು.